ಕೂಸಿನ ಅಂಗಿಯ ಮೇಲೊಂದು ಮಾನ್‌ಸ್ಟರ್

ಹೋದ ಚಳಿಗಾಲದಲ್ಲಿ ನಮ್ಮ ಹಿತ್ತಲಿನ ತಂತಿಯ ಮೇಲೆ, ನನ್ನ ಬನಿಯನ್ನುಗಳಿಗೂ ಹೆಂಡತಿಯ ಇಳಕಲ್ಲ ಸೀರೆಗೂ ನಡುವೆ, ಅಂಗೈಯಗಲದ ಒಂದು ಅಂಗಿ ಒಣಗುತ್ತಿತ್ತು. ನಿಂಬೆಹಣ್ಣಿನ ಬಣ್ಣದ ಬಟ್ಟೆ. ಎದೆಯ ಮೇಲೆ ಹಸಿರು ಮೈಯ, ಒಂಟಿ ಕಣ್ಣಿನ, ಮೂರೇ ಮೂರು ಹಲ್ಲು ತೋರಿಸಿ ನಗುವ ಒಂದು ಪ್ರಾಣಿ. ಅದರ ಕೆಳಗೆ ಗುಂಡು ಗುಂಡಾದ ಇಂಗ್ಲಿಷ್ ಅಕ್ಷರಗಳಲ್ಲಿ ‘ಲಿಟಲ್ ಮಾನ್‌ಸ್ಟರ್’ ಎಂಬ ಬರಹ. ಗಾಳಿ ಬೀಸಿದಾಗ ಅಂಗಿ ಉಬ್ಬುತ್ತಿತ್ತು, ಪ್ರಾಣಿಯ ಹೊಟ್ಟೆಯೂ ಉಬ್ಬುತ್ತಿತ್ತು. ನಾನು ಚಹಾದ ಬಟ್ಟಲು ಹಿಡಿದು ಹಿತ್ತಲಿಗೆ ಹೋದವನು ಅದನ್ನು ಕಂಡೊಡನೆ ಮುಖ ತಿರುಗಿಸಿಕೊಂಡು ಒಳಗೆ ಬರುತ್ತಿದ್ದೆ. ಇಷ್ಟು ಸಣ್ಣ ಬಟ್ಟೆಗೆ ಇಷ್ಟು ದೊಡ್ಡದಾಗಿ ಹೆದರುವ ಮನುಷ್ಯ ಮೂಡಲಗಿಯಲ್ಲಿ ಇನ್ನೊಬ್ಬನಿರಲಿಕ್ಕಿಲ್ಲ.

ಕಾರಣ ಹೇಳಿಬಿಡುತ್ತೇನೆ, ನಿಮ್ಮಲ್ಲಿ ಮುಚ್ಚುಮರೆ ಏಕೆ? ಆ ಅಂಗಿ ನನ್ನ ಮೊಮ್ಮಗಳದು. ಅವಳು ಹುಟ್ಟುವಾಗಲೇ ಮೇಲ್ದುಟಿ ಸೀಳಿಕೊಂಡಿತ್ತು, ಮೂಗಿನ ಎಡ ಹೊಳ್ಳೆಯ ತನಕ. ಕುಡಿಸಿದ ಹಾಲಿನಲ್ಲಿ ಅರ್ಧ ಹೊಟ್ಟೆಗೆ, ಅರ್ಧ ಗದ್ದಕ್ಕೆ. ತೂಕ ಏರಲಿ, ರಕ್ತ ಕೂಡಲಿ, ಆಮೇಲೆ ಹೊಲಿದು ಸರಿಪಡಿಸೋಣ ಎಂದು ಬೆಳಗಾವಿಯ ಡಾಕ್ಟರು ಬಹಳ ಸಲೀಸಾಗಿ, ಹರಿದ ಕಿಸೆಯ ಮಾತಾಡಿದ ಹಾಗೆ ಹೇಳಿದ್ದರು. ನನಗೋ ಎರಡು ಚಿಂತೆ. ಅಷ್ಟು ಎಳೆಯ ಜೀವಕ್ಕೆ ಮಂಪರು ಬರುವ ಔಷಧಿ ಕೊಟ್ಟರೆ ಮತ್ತೆ ಕಣ್ಣು ಬಿಟ್ಟೀತೆ ಎಂಬುದೊಂದು. ಆ ದಿನ ಬರುವ ತನಕ ಈ ಮುಖವನ್ನು ಊರ ಬಾಯಿಂದ ಹೇಗೆ ಕಾಯುವುದು ಎಂಬುದಿನ್ನೊಂದು. ಮೊದಲಿನದನ್ನು ದೇವರಿಗೂ ಡಾಕ್ಟರಿಗೂ ಬಿಟ್ಟು, ಎರಡನೆಯದನ್ನು ನನ್ನ ತಲೆಯ ಮೇಲೆ ಹೊತ್ತುಕೊಂಡಿದ್ದೆ.

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವನು. ಪಾಠದಲ್ಲಿ ‘ಮಾನ್‌ಸ್ಟರ್’ ಎಂಬ ಪದ ಬಂದಾಗಲೆಲ್ಲ ಹಲಗೆಯ ಮೇಲೆ ‘ರಾಕ್ಷಸ’ ಎಂದು ಬರೆದು, ಕೈಯ ಸುಣ್ಣ ಝಾಡಿಸಿ, ಮುಂದಿನ ಪದಕ್ಕೆ ಹೋಗಿಬಿಡುತ್ತಿದ್ದೆ. ಮಕ್ಕಳೂ ಬರೆದುಕೊಂಡು ಸುಮ್ಮನಾಗುತ್ತಿದ್ದರು. ಆದರೆ ಆ ಚಳಿಗಾಲದಲ್ಲಿ, ಚಿಂತೆ ಬಿಟ್ಟರೆ ಬೇರೆ ಕೆಲಸವಿಲ್ಲದಾಗ, ನಾನು ಇಷ್ಟು ವರ್ಷ ಕೊಟ್ಟ ಅರ್ಥ ಅರ್ಧಂಬರ್ಧದ್ದೆಂದು ಹೊಳೆಯಿತು. ನಮ್ಮ ರಾಕ್ಷಸ ಎಷ್ಟೆಂದರೂ ಮನೆಮಠ ಉಳ್ಳವನು. ಅವನಿಗೆ ಹೆತ್ತವಳಿದ್ದಾಳೆ, ಹೆಂಡತಿಯಿದ್ದಾಳೆ, ತಂಗಿಯ ಮೇಲೆ ಮಮತೆಯಿದೆ. ಒಂಟಿಕಾಲಿನಲ್ಲಿ ನಿಂತು ತಪಸ್ಸು ಮಾಡಿ ದೇವರನ್ನೇ ಬಾಗಿಲಿಗೆ ಕರೆಸಿಕೊಳ್ಳುವ ಹಟವಿದೆ. ಅವನನ್ನು ಕೊಲ್ಲುವುದಕ್ಕೆ ದೇವರು ಅವತಾರ ಎತ್ತಬೇಕಾಗುತ್ತದೆ, ಅಂಥ ಮರ್ಯಾದೆ ಅವನದು. ಇಂಗ್ಲಿಷಿನ ಈ ಪ್ರಾಣಿಗೆ ತಾಯಿಯಿಲ್ಲ, ತವರಿಲ್ಲ. ಅದು ಮಂಚದ ಕೆಳಗೆ, ಅಲಮಾರಿಯ ಒಳಗೆ, ಕೆರೆಯ ತಳದಲ್ಲಿ ತಾನೇ ತಾನಾಗಿ ಇರುತ್ತದೆ. ಇನ್ನು ನಮ್ಮ ಗುಮ್ಮನೋ, ಅವನಿಗೆ ಮುಖವೇ ಇಲ್ಲ. ಉಣ್ಣದ ಮಕ್ಕಳಿಗೆ ತಾಯಂದಿರು ಅವನನ್ನು ಕರೆಯುತ್ತಾರೆ, ಮಗು ಒಂದು ತುತ್ತು ನುಂಗಿದೊಡನೆ ಅವನು ಹೊರಟುಹೋಗುತ್ತಾನೆ. ಹೆದರಿಸುವವರಲ್ಲಿ ಅವನಷ್ಟು ಸಭ್ಯರು ಯಾರೂ ಇಲ್ಲ.

ಪದಗಳು ಪುಸ್ತಕದಲ್ಲಿ ಇದ್ದಷ್ಟು ಹೊತ್ತು ಗುಮ್ಮನ ಹಾಗೆ ಸಭ್ಯವಾಗಿರುತ್ತವೆ. ಬೀದಿಗೆ ಬಿದ್ದರೆ ಮುಗಿಯಿತು. ನಮ್ಮ ಕಡೆ ಕಬ್ಬಿನ ಹಂಗಾಮು ಶುರುವಾಯಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿಯ ರಸ್ತೆಗಳೆಲ್ಲ ಟ್ರ್ಯಾಕ್ಟರುಗಳ ಪಾಲು. ಹಿಂದೆ ಎರಡೆರಡು ಟ್ರೇಲರು ಕಬ್ಬು, ಮುಂದೆ ಕಿವಿ ಹರಿಯುವ ಹಾಡು, ಎಂಜಿನ್ನಿನ ಹಣೆಯ ಮೇಲೆ ಹೂವಿನ ಹಾರ, ಹಾರದ ಕೆಳಗೆ ಬಣ್ಣದಲ್ಲಿ ಬರೆಸಿದ ಹೆಸರು. ಆ ವರ್ಷ ನಾಗನೂರಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಟ್ರ್ಯಾಕ್ಟರಿಗೆ ‘ಮಾನ್‌ಸ್ಟರ್’ ಎಂದೇ ಬರೆಸಿದ್ದ. ನನ್ನನ್ನು ಕಂಡು ಗಾಡಿ ನಿಲ್ಲಿಸಿ, ಹಾಡು ಸಣ್ಣದು ಮಾಡಿ, “ಸ್ಪೆಲ್ಲಿಂಗ್ ಬರೋಬ್ಬರಿ ಐತೇನ್ರಿ ಸರ್?” ಎಂದು ಕೇಳಿದ. ಐತೆಂದೆ. ಅವನ ಮುಖ ಅರಳಿತು. ಮೈದಾನದಲ್ಲಿ ಕ್ರಿಕೆಟ್ ಆಡುವ ಹುಡುಗರು ಜೋರಾಗಿ ಚೆಂಡು ಎಸೆಯುವವನಿಗೆ ಇದೇ ಬಿರುದು ಕೊಡುತ್ತಾರೆ. ಪತ್ರಿಕೆಯವರು ಕೊಲೆಗಡುಕನಿಗೆ ನರರಾಕ್ಷಸ ಎನ್ನುತ್ತಾರೆ, ಹೊಳೆಗೆ ನೀರು ಬಂದರೆ ರಕ್ಕಸ ಮಳೆ ಎನ್ನುತ್ತಾರೆ. ಇಂಗ್ಲಿಷ್ ಪತ್ರಿಕೆ ಬಿಡಿಸಿದರೆ ಎರಡಕ್ಕೂ ಈ ಒಂದೇ ಪದ. ಹೊಗಳುವುದಕ್ಕೂ ಅದೇ, ಉಗಿಯುವುದಕ್ಕೂ ಅದೇ, ಆಟಿಕೆ ಮಾರುವುದಕ್ಕೂ ಅದೇ. ಇಷ್ಟು ಅಗ್ಗವಾದ ಪದಕ್ಕೆ ನೀವೇಕೆ ಹೆದರಬೇಕು ಮಾಸ್ತರರೇ ಎಂದು ನೀವು ಕೇಳಬಹುದು.

ಹೆದರಿಕೆ ಹುಟ್ಟಿದ್ದು ಮಳೆಗಾಲದಲ್ಲಿ, ಮಗಳು ಅಶ್ವಿನಿ ಬಸುರಿಯಾಗಿದ್ದಾಗ. ಅವಳನ್ನು ಯಮಕನಮರಡಿಗೆ ಕೊಟ್ಟಿದ್ದೇವೆ. ಅಳಿಯ ಪ್ರಕಾಶ ಹೆದ್ದಾರಿಯ ಬದಿಯಲ್ಲಿ ಲಾರಿಗಳ ಬಿಡಿಭಾಗದ ಅಂಗಡಿ ಇಟ್ಟಿದ್ದಾನೆ. ಗೋಕಾಕದಲ್ಲಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿದಾಗ, ಕೂಸಿನ ತುಟಿ ಕೂಡಿದ ಹಾಗೆ ಕಾಣುತ್ತಿಲ್ಲ ಎಂದು ಹೇಳಿದರು. ಅವರನ್ನು ಊರಿಗೆ ಮುಟ್ಟಿಸಿ ಬರೋಣವೆಂದು ನಾನೂ ಅವರ ಕಾರಿನಲ್ಲಿ ಕುಳಿತೆ. ಧುಪದಾಳದ ಹತ್ತಿರ ಪ್ರಕಾಶ ಸುಮ್ಮನೆ ಗಾಡಿ ನಿಲ್ಲಿಸಿದ. ಘಟಪ್ರಭೆ ಕೆಂಪಾಗಿ ತುಂಬಿ, ಒಡ್ಡಿನ ಮೇಲಿಂದ ಉದ್ದಕ್ಕೂ ಧುಮುಕುತ್ತಿತ್ತು. ಮೂವರೂ ಇಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಶ್ವಿನಿ, “ಹಸಿವ್ಯಾಗೇತ್ರಿ, ನಡೀರಿ” ಎಂದಳು. ಅವಳ ಹಸಿವು ನನಗೆ ಆಗ ಬಹಳ ಧೈರ್ಯದ ಸಂಗತಿಯಾಗಿ ಕಂಡಿತು, ಈಗಲೂ ಹಾಗೆಯೇ ಕಾಣುತ್ತದೆ.

ಧೈರ್ಯವಿಲ್ಲದ ನಾನು ಮನೆಗೆ ಬಂದು ಮೊಬೈಲು ಹಿಡಿದು ಕುಳಿತೆ. ಸೀಳುತುಟಿಯ ಬಗ್ಗೆ ಓದುತ್ತ ಓದುತ್ತ, ಒಂದು ಕೊಂಡಿಯಿಂದ ಇನ್ನೊಂದಕ್ಕೆ ಜಾರಿ, ಓದಬಾರದ್ದನ್ನು ಓದಿದೆ. ಹಿಂದಿನ ಕಾಲದ ಯುರೋಪಿನ ವೈದ್ಯರು ಅಂಗಾಂಗ ಕೂಡದೆ ಹುಟ್ಟಿದ ಶಿಶುಗಳನ್ನು ತಮ್ಮ ಗ್ರಂಥಗಳಲ್ಲಿ ಕರೆಯುತ್ತಿದ್ದುದು ಇದೇ ಪದದಿಂದ. ಬೈಗುಳವಾಗಿ ಅಲ್ಲ, ನಾವು ನೆಗಡಿ, ಕೆಮ್ಮು ಎನ್ನುವಷ್ಟು ಸಹಜವಾಗಿ, ಶಾಸ್ತ್ರದ ಹೆಸರಾಗಿ. ಇನ್ನೂ ಹಿಂದಕ್ಕೆ ಹೋದರೆ ಲ್ಯಾಟಿನ್ನಿನ ಬೇರು ಸಿಗುತ್ತದೆ. ಆ ಬೇರಿಗೆ ಎಚ್ಚರಿಸುವುದು ಎಂಬ ಅರ್ಥವಂತೆ. ಅಂಥ ಕೂಸು ಹುಟ್ಟಿದರೆ ದೇವರು ಏನೋ ಹೇಳುತ್ತಿದ್ದಾನೆ, ಕೇಡು ಕಾದಿದೆ ಎಂದು ಹಳೆಯ ರೋಮಿನ ಪೂಜಾರಿಗಳು ತಿಳಿಯುತ್ತಿದ್ದರಂತೆ. ಮೊಬೈಲನ್ನು ಬೋರಲು ಹಾಕಿ ಇಟ್ಟೆ. ಮೂವತ್ತು ವರ್ಷ ನನ್ನ ಅನ್ನಕ್ಕೆ ದಾರಿಯಾದ ಭಾಷೆ ನನ್ನ ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು ಹೀಗೆ ಮಾತಾಡಬಹುದೆಂದು ನಾನು ಎಣಿಸಿರಲಿಲ್ಲ.

ಕೂಸು ಹುಟ್ಟಿತು. ಚೊಚ್ಚಲ ಬಾಣಂತನ ತವರಿನದು, ಹಾಗಾಗಿ ತಾಯಿಯೂ ಕೂಸೂ ನಮ್ಮಲ್ಲಿಗೆ ಬಂದರು. ನೋಡಲು ಬಂದ ನೆರೆಯಾಕೆ ಕೂಸಿನ ಮುಖ ಕಂಡು, ತುಸು ತಡೆದು, ನನ್ನ ಹೆಂಡತಿ ಶಾಂತಾಳ ಕಿವಿಯ ಹತ್ತಿರ, “ಗ್ರಹಣದ ಹೊತ್ತಿನ್ಯಾಗ ಈಳಿಗಿ ಮುಟ್ಟಿದ್ಲೇನ್ರಿ?” ಎಂದಳು. ಪಾಪ, ಕೆಟ್ಟ ಹೆಂಗಸಲ್ಲ. ಬಾಣಂತಿಗೆ ಅಂಟಿನ ಉಂಡಿ ಕಟ್ಟಲು ಬೆಲ್ಲ ಕುಟ್ಟಿಕೊಟ್ಟವಳು ಅವಳೇ. ಶಾಂತಾ, “ಇಲ್ಲ ಬಿಡ್ರಿ, ನಮ್ಮ ಅಶ್ವಿನಿ ಈಳಿಗಿ ಮುಟ್ಟೂದು ಹಬ್ಬಕ್ಕ ಒಂದ್ಸಲಾ” ಎಂದು ನಗಿಸಿ ಕಳಿಸಿದಳು. ನನಗೆ ನಗು ಬರಲಿಲ್ಲ. ರೋಮಿನ ಪೂಜಾರಿಯೂ ನಮ್ಮ ಓಣಿಯ ಹೆಣ್ಣುಮಗಳೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ಯಾರ ತಪ್ಪಿಗೆ ಈ ಗುರುತು? ಗುರುತು ಕಂಡರಲ್ಲವೇ ಪ್ರಶ್ನೆ ಏಳುವುದು ಎಂದು ನಾನು ಅಂದಿನಿಂದ ಗುರುತನ್ನೇ ಮುಚ್ಚುವ ಕೆಲಸಕ್ಕೆ ನಿಂತೆ. ಬಾಗಿಲ ಬಳಿ ಚಪ್ಪಲಿ ಬಿಡುವ ಸಪ್ಪಳ ಕೇಳಿದರೆ ಸಾಕು, ಕೂಸಿನ ತಲೆಗೆ ಕಟ್ಟಿದ ಕುಂಚಿಗೆಯ ಅಂಚನ್ನು ಗದ್ದದಿಂದ ಮೂಗಿನ ತನಕ ಎಳೆದುಬಿಡುತ್ತಿದ್ದೆ. “ಥಂಡಿ ಐತ್ರಿ” ಎನ್ನುತ್ತಿದ್ದೆ. ಮಟಮಟ ಮಧ್ಯಾಹ್ನವೂ ಹಾಗೆಯೇ ಎನ್ನುತ್ತಿದ್ದೆ. ಅಶ್ವಿನಿ ನನ್ನನ್ನು ನೋಡುತ್ತಿದ್ದಳು, ನಾನು ಆಚೆ ಸರಿದ ಮೇಲೆ ಅಂಚನ್ನು ಮತ್ತೆ ಕೆಳಕ್ಕೆ ಸರಿಸುತ್ತಿದ್ದಳು.

ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯವನ್ನು ಆಪರೇಶನ್ ಆದ ಮೇಲೆ ಮಾಡೋಣವೆಂದು ಹಟ ಹಿಡಿದೆ. ಯಾರೂ ಕೇಳಲಿಲ್ಲ. ಹೆಸರಿಲ್ಲದ ಕೂಸನ್ನು ದವಾಖಾನೆಗೆ ಒಯ್ಯುವುದೇ ಎಂದು ಬೀಗರ ಮನೆಯಲ್ಲೂ ಅಂದರು, ನಮ್ಮ ಮನೆಯಲ್ಲೂ ಅಂದರು. ಹೆಸರಿಡುವ ಹಕ್ಕು ಸೋದರತ್ತೆಯದು. ಅಂದರೆ ಪ್ರಕಾಶನ ಅಕ್ಕ, ಹುಕ್ಕೇರಿಯಲ್ಲಿ ಬಳೆ ಅಂಗಡಿ ನಡೆಸುವ ತಿಪ್ಪವ್ವನದು. ಅಂದು ಅವಳು ಗೋಕಾಕದ ಕರದಂಟಿನ ಡಬ್ಬಿಗಳ ಜತೆಗೆ ಕೂಸಿಗೆ ತಂದ ಹೊಸ ಅಂಗಿಯೇ ಆ ನಿಂಬೆಬಣ್ಣದ್ದು. ಅದನ್ನು ಬಿಡಿಸಿ ಹಿಡಿದಾಗ ನಾನು ಮೊದಲು ಓದಿದ್ದು ಆ ಬರಹವನ್ನು. ಪಡಸಾಲೆಯ ತುಂಬ ಜನ. ಅದರಲ್ಲಿ ಅರ್ಧಕ್ಕರ್ಧ ನನ್ನ ಕೈಯಲ್ಲೇ ಇಂಗ್ಲಿಷ್ ಓದಲು ಕಲಿತವರು. ಶಾಂತಾಳನ್ನು ಅಡಿಗೆಮನೆಗೆ ಕರೆದು, “ಆ ಅಂಗಿ ಹಾಕಬ್ಯಾಡ” ಎಂದೆ. “ಸೋದರತ್ತಿ ತಂದದ್ದು ಹಾಕ್ಲಿಲ್ಲಂದ್ರ ಅವರು ಏನ್ ತಿಳ್ಕೋಬೇಕು? ನೀವ ಹೋಗಿ ಹೇಳ್ರಿ” ಎಂದು ಅವಳು ನನ್ನನ್ನೇ ಮುಂದೆ ನೂಕಿದಳು.

ಹೇಳಿದೆ. ತಿಪ್ಪವ್ವನಿಗೆ ಓದು ಬಾರದು, ಮಾರುವವನು ಏನೋ ಕೊಟ್ಟುಬಿಟ್ಟಿದ್ದಾನೆ ಎಂಬ ಸಮಾಧಾನದ ದನಿಯಲ್ಲಿ, ಅಂಗಿಯ ಮೇಲಿನ ಬರಹದ ಅರ್ಥ ಅಷ್ಟು ಚಲೋ ಅಲ್ಲ ಎಂದೆ.

“ಗೊತ್ತೈತ್ರಿ ಮಾಸ್ತರ್ರ,” ಎಂದಳು ಅವಳು. “ರಾಕ್ಷಸ ಅಂತ ಬರದಾರಂತ. ಅಂಗಡ್ಯಾವ ಹೇಳಿದಾ. ಅದಕ್ಕ ತಂದೇನ್ರಿ.”

ಅವಳು ಕೂಸಿನ ತೋಳನ್ನು ಅಂಗಿಯೊಳಗೆ ನಾಜೂಕಾಗಿ ತೂರಿಸುತ್ತಲೇ ಮಾತಾಡಿದಳು. “ನನ್ನ ಹೆಸರ ಏನಂತ ಕರೀತೀರಿ ನೀವು? ನನಕಿಂತ ಮೊದಲ ಹುಟ್ಟಿದ್ದು ಒಂದೂ ಉಳೀಲಿಲ್ಲಂತ. ನಮ್ಮವ್ವ ನನ್ನ ತಿಪ್ಪಿ ಮ್ಯಾಲ ಹೊಳ್ಳಾಡಿಸಿ, ತಿಪ್ಪವ್ವ ಅಂತ ಕರದ್ಲು. ಇಂಥಾ ಹೊಲಸ ಯಾರಿಗೆ ಬೇಕು ಅಂತ ಸಾವು ಬಿಟ್ಟು ಹೋತು. ಇಕೀನೂ ದವಾಖಾನಿಗೆ ಹೊಂಟಾಳಲ್ರಿ.”

ಈ ಪದ್ಧತಿ ನನಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಸೀಮೆಯಲ್ಲಿ ಹುಡುಕಿದರೆ ಓಣಿಗೊಬ್ಬ ತಿಪ್ಪಣ್ಣ, ಕಲ್ಲಪ್ಪ, ಅಡಿವೆಪ್ಪ ಸಿಗುತ್ತಾರೆ. ಎಷ್ಟೋ ಜನರ ಹೆಸರಿನ ಹಿಂದೆ ಉಳಿಯದೆ ಹೋದ ಅಣ್ಣಂದಿರಿದ್ದಾರೆ, ಎದೆ ಒಡೆದ ತಾಯಿಯೊಬ್ಬಳಿದ್ದಾಳೆ. ಚಲೋ ಹೆಸರಿಟ್ಟು ಕಳೆದುಕೊಂಡವಳು, ಕೆಟ್ಟ ಹೆಸರಿಟ್ಟಾದರೂ ಉಳಿಸಿಕೊಳ್ಳುತ್ತೇನೆ ಎಂದು ಹೊರಟ ಹಟ ಅದು. ಹೊಸ ಮನೆಗೆ ಕೋರೆಹಲ್ಲಿನ ಮುಖ ತೂಗುಹಾಕುವವರು, ಕೂಸಿನ ಕೆನ್ನೆಗೆ ಕರಿಬೊಟ್ಟು ಇಡುವವರು ಎಲ್ಲರೂ ಇದೇ ವ್ಯಾಪಾರದವರೇ. ಆದರೂ ಖರೆ ಹೇಳುತ್ತೇನೆ, ಅವಳ ಮಾತಿನಿಂದ ನನಗೆ ಸಮಾಧಾನವಾಗಲಿಲ್ಲ. ಬದಲಿಗೆ ಸಿಟ್ಟು ಬಂತು. ಸಾವಿಗೆ ಇಂಗ್ಲಿಷ್ ಬರುತ್ತದೆಯೇ ಎಂದು ಕೇಳಬೇಕೆನ್ನಿಸಿತು. ನಾನು ಹೆದರಿದ್ದು ಊರ ಬಾಯಿಗೆ, ಅವಳು ಹೆದರಿದ್ದು ಅದಕ್ಕಿಂತ ದೊಡ್ಡದಕ್ಕೆ ಎಂಬ ಲೆಕ್ಕ ಅಂದು ನನ್ನ ತಲೆಗೆ ಹತ್ತಲಿಲ್ಲ. ಕೂಸು ಅದೇ ಅಂಗಿಯಲ್ಲಿ ತೊಟ್ಟಿಲು ಏರಿತು.

ತಿಪ್ಪವ್ವ ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಗೆ ಬಾಯಿ ಹಚ್ಚಿ “ಕುರ್ರ್” ಎಂದು ಸಾನ್ವಿ ಎಂಬ ಹೆಸರು ಹೇಳಿದಳು. ಹೇಳಿದ್ದೇ ತಡ, ಹೆಂಗಸರೆಲ್ಲ ಸೋದರತ್ತೆಯ ಬೆನ್ನಿಗೆ ದಬದಬನೆ ಗುದ್ದತೊಡಗಿದರು. ಹೆಸರಿಟ್ಟವಳಿಗೆ ಗುದ್ದಬೇಕು, ನಮ್ಮಲ್ಲಿ ಅದು ಶಾಸ್ತ್ರ. ಬಳೆಗೆ ದುಡ್ಡು ಹೆಚ್ಚು ತೆಗೆದುಕೊಂಡಳೆಂದು ಸಿಟ್ಟಿಟ್ಟುಕೊಂಡವರು ನಾಲ್ಕು ಗುದ್ದು ಹೆಚ್ಚಿಗೆ ಹಾಕಿರಲೂಬಹುದು. “ಸಾಕ್ರವಾ, ಸಾಯ್ತೇನಿ” ಎಂದು ಅವಳು ನಕ್ಕು ಕೂಗಿದಾಗ, ತೊಟ್ಟಿಲಲ್ಲಿದ್ದ ಕೂಸು ಆ ಗದ್ದಲಕ್ಕೆ ಅಳುವುದು ಬಿಟ್ಟು ನಕ್ಕಿತು. ನಾನು ಆ ನಗುವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಸೀಳಿದ ತುಟಿಯ ನಗು ಉಳಿದವರ ನಗೆಯ ಹಾಗಲ್ಲ; ಅದು ಎರಡು ಬಾಗಿಲನ್ನೂ ತೆರೆದ ಹಾಗೆ ಅಗಲವಾಗಿ, ಮೂಗು ಕೆನ್ನೆ ಎಲ್ಲವನ್ನೂ ಸೇರಿಸಿಕೊಂಡು ಅರಳುತ್ತದೆ. ಜನ ಮೊಬೈಲು ತೆಗೆದರು. ನಾನು ಇದ್ದಕ್ಕಿದ್ದಂತೆ ತೊಟ್ಟಿಲಿಗೆ ಅಡ್ಡ ನಿಂತು, “ಫೋಟೋ ಬ್ಯಾಡ್ರಿ, ಎಳೆ ಕೂಸು, ದೃಷ್ಟಿ ಆಕ್ಕೈತಿ” ಎಂದೆ. ಜೀವಮಾನವೆಲ್ಲ ದೃಷ್ಟಿ ಗಿಷ್ಟಿ ಎಂದರೆ ಮೂಗು ಮುರಿದವನ ಬಾಯಿಂದ ಈ ಮಾತು ಬಂದದ್ದಕ್ಕೆ ಶಾಂತಾ ಬೆರಗಾದಳು. ಪ್ರಕಾಶ ಹೊರಗೆ ತೆಗೆದ ಮೊಬೈಲನ್ನು ಸುಮ್ಮನೆ ಕಿಸೆಗಿಳಿಸಿದ. ಹಿರಿಯರ ಮಾತು ಮೀರುವ ಅಳಿಯನಲ್ಲ ಅವನು. ಅದಕ್ಕೆ ಮೊದಲೂ ತೆಗೆದಿರಲಿಲ್ಲ, ಅಂದಿನಿಂದ ಆಪರೇಶನ್ನಿನ ತನಕವೂ ಮನೆಯಲ್ಲಿ ಯಾರೂ ಕೂಸಿನ ಫೋಟೋ ತೆಗೆಯಲಿಲ್ಲ.

ಪದವನ್ನು ಮಾತ್ರ ತಡೆಯುವುದಾಗಲಿಲ್ಲ. ಅಂಗಿ ಒಗೆದಷ್ಟೂ ಮೆತ್ತಗಾಯಿತು, ಹಸಿರು ಪ್ರಾಣಿಯ ಒಂದು ಹಲ್ಲು ಅಳಿಸಿಹೋಯಿತು, ಅಶ್ವಿನಿ ಮಗಳನ್ನು “ಏ ಮಾನ್‌ಸ್ಟರವ್ವಾ” ಎಂದು ಕರೆಯತೊಡಗಿದಳು. ಹಾಲು ಚೆಲ್ಲಿದರೆ ಮಾನ್‌ಸ್ಟರವ್ವ, ಮಲಗದಿದ್ದರೆ ಮಾನ್‌ಸ್ಟರವ್ವ. ಯುರೋಪಿನ ವೈದ್ಯರು ಇಟ್ಟ ಹೆಸರಿಗೆ ಒಂದು ‘ಅವ್ವ’ ಹಚ್ಚಿ, ನಮ್ಮ ಓಣಿಯ ಸೊಸೆಯನ್ನಾಗಿ ಮಾಡಿಕೊಂಡಿದ್ದಳು. ಅವಳು ಹಾಗೆ ಕೂಗಿದಾಗಲೆಲ್ಲ ಕೂಸು ಆ ಅಗಲವಾದ ನಗು ನಗುತ್ತಿತ್ತು. ನಾನು ಮಾತ್ರ ಯಾರಾದರೂ ಕೇಳಿಸಿಕೊಂಡರೋ ಎಂದು ಕಿಟಕಿಯತ್ತ ನೋಡುತ್ತಿದ್ದೆ.

ತೂಕ ಏರಿತು. ಬೆಳಗಾವಿಯ ದವಾಖಾನೆಯಲ್ಲಿ ಬೆಳಿಗ್ಗೆ ಕೂಸನ್ನು ಒಳಗೆ ಒಯ್ದರು. ಉಪವಾಸವಿರಿಸಿದ್ದರಿಂದ ಅದು ಅಳುತ್ತಲೇ ಹೋಯಿತು. ಬಾಗಿಲು ಮುಚ್ಚಿದ ಮೇಲೂ ಆ ಅಳು ಸ್ವಲ್ಪ ಹೊತ್ತು ಕೇಳಿಸಿ, ಆಮೇಲೆ ನಿಂತಿತು. ಅಳು ನಿಂತದ್ದು ಔಷಧಿಯಿಂದ ಎಂದು ನನಗೆ ಗೊತ್ತು. ಗೊತ್ತಿದ್ದೂ ಬಾಗಿಲಿಗೆ ಕಿವಿಯಿಟ್ಟು ನಿಂತೆ. ಒಳಗಿರುವ ಜೀವ ಹೊರಗೆ ಬರಲಿ, ಸೀಳಿದ ತುಟಿಯೇ ಇರಲಿ, ಯಾರು ಏನೆಂದು ಕರೆದರೂ ಕರೆಯಲಿ, ಬರಲಿ ಎಂದು ನಾನು ಹೊರಗಿನ ಬೆಂಚಿನ ಮೇಲೆ ಕುಳಿತು ಬೇಡಿಕೊಂಡೆ. ಊರ ಬಾಯಿ ಎಂಬುದು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಹುಕ್ಕೇರಿಯಿಂದ ಬಂದ ತಿಪ್ಪವ್ವ ಪಕ್ಕದಲ್ಲೇ ಕುಳಿತಿದ್ದಳು. ಅವಳ ಮೈಯಲ್ಲಿದ್ದ ಆ ಹೆದರಿಕೆಯೇ ಆಗ ನನ್ನ ಮೈಯಲ್ಲೂ ಇತ್ತು.

ಕೂಸು ಬಂತು. ಕಣ್ಣು ಬಿಟ್ಟಿತು. ತುಟಿ ಊದಿಕೊಂಡಿತ್ತು, ಹೊಲಿಗೆ ಕಿತ್ತುಕೊಳ್ಳಬಾರದೆಂದು ಮೊಣಕೈಗಳಿಗೆ ಪಟ್ಟಿ ಕಟ್ಟಿದ್ದರು, ಆದರೆ ಸೀಳು ಇರಲಿಲ್ಲ. ಬಹಳ ಚೆಂದ ಕೂಡಿದೆ ಎಂದು ಡಾಕ್ಟರೇ ಮೆಚ್ಚಿಕೊಂಡರು. ಎಲ್ಲರೂ ನಿರಾಳವಾಗಿ ಉಸಿರು ಬಿಟ್ಟಾಗ, ಸ್ಕ್ಯಾನ್ ಮಾಡಿಸಿದ ದಿನವೂ ಕಣ್ಣೀರು ಹಾಕದ ಅಶ್ವಿನಿ ಗೊಳೋ ಎಂದು ಅತ್ತಳು.

“ಯಾಕವಾ? ಎಲ್ಲಾ ಚಲೋ ಆತಲ್ಲಾ,” ಎಂದೆ.

“ಚಲೋ ಆತ್ರಿ ಅಪ್ಪಾ. ಆದ್ರ ನನ್ನ ಕೂಸಿನ ಮಾರಿ ಇದಲ್ಲಾ. ಅಕಿ ಆ ನಗು ಇನ್ನ ಬರೂದಿಲ್ಲಲ್ರೀ. ಒಂದ ಫೋಟೋನೂ ಇಲ್ಲಾ ನನ್ನ ಕಡೆ.”

ಅವಳು ನನ್ನನ್ನು ದೂರಲಿಲ್ಲ. ದೂರಿದ್ದರೆ ಚೆನ್ನಾಗಿತ್ತು. ಹೊಸ ಮುಖ ಮುದ್ದಾಗಿಯೇ ಇತ್ತು, ನಾಳೆ ಅದೂ ನಗುತ್ತದೆ, ಆ ನಗುವೂ ನಮ್ಮದೇ ಆಗುತ್ತದೆ. ಆದರೆ ತೊಟ್ಟಿಲಿನಲ್ಲಿ ಅಗಲವಾಗಿ ನಕ್ಕ ಆ ಇನ್ನೊಂದು ಕೂಸನ್ನು ನಾವು ಬೆಳಿಗ್ಗೆ ಒಳಗೆ ಕಳಿಸಿ ಕಳೆದುಕೊಂಡಿದ್ದೆವು. ಆಗ ನೆನಪಾಯಿತು, ಆಪರೇಶನ್ನಿಗೆ ಮೊದಲು ಡಾಕ್ಟರು ತಮ್ಮ ದಾಖಲೆಗೆಂದು ಕೂಸಿನ ಮುಖದ ಫೋಟೋ ತೆಗೆದಿದ್ದರು. ಮರುದಿನ ಅವರ ಕೋಣೆಯ ಮುಂದೆ ನಿಂತು, ಸುತ್ತಿಬಳಸಿ ಕೇಳಿದೆ. “ಮೊದಲಿನದ್ದಾ? ಎಲ್ಲಾರೂ ಆಮ್ಯಾಲಿಂದು ಕೇಳ್ತಾರ್ರಿ” ಎಂದು ಅವರು ನಕ್ಕು, ನನ್ನ ಮೊಬೈಲಿಗೆ ಕಳಿಸಿಕೊಟ್ಟರು.

ಸಾಲೆಯ ಪರೀಕ್ಷೆಯ ಕೆಲಸವಿತ್ತೆಂದು ನಾನೊಬ್ಬನೇ ಮುಂದಾಗಿ ಗೋಕಾಕದ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕುಳಿತು ಫೋಟೋ ತೆರೆದೆ. ಅದರಲ್ಲಿ ಕೂಸು ನಗುತ್ತಿಲ್ಲ; ದೀಪದ ಬೆಳಕು ಕಣ್ಣಿಗೆ ಬಿದ್ದು ಕೆಂಪಾಗಿ ಅಳುತ್ತಿದೆ, ತುಟಿ ಸೀಳಿ ಒಸಡು ಕಾಣುತ್ತಿದೆ. ನಾನು ಹುಡುಕಿ ಹೋದದ್ದು ಅದರಲ್ಲಿ ಇರಲಿಲ್ಲ. ಆದರೂ ಮುಚ್ಚಲು ಮನಸ್ಸಾಗಲಿಲ್ಲ. ಬೆರಳಿನಿಂದ ದೊಡ್ಡದು ಮಾಡಿ ಆ ತುಟಿಯನ್ನು, ಒದ್ದೆಯಾದ ಆ ಗದ್ದವನ್ನು ನೋಡುತ್ತ ಕುಳಿತೆ. ಪಕ್ಕದಲ್ಲಿ ಕುಳಿತ ಮುದುಕರೊಬ್ಬರು, ಹಳದಿ ರುಮಾಲಿನವರು, ಬಗ್ಗಿ ನೋಡಿದರು. ಅವರ ಹುಬ್ಬು ಗಂಟಾಯಿತು. ಈ ನಾಲ್ಕು ತಿಂಗಳು ಯಾವ ನೋಟಕ್ಕೆ ಹೆದರಿ ಕುಂಚಿಗೆಯ ಅಂಚು ಎಳೆದಿದ್ದೆನೋ ಅದೇ ನೋಟ ಅದು.

“ಯಾರ ಕೂಸ್ರೀ ಇದು?” ಎಂದು ಕೇಳಿದರು.

ಅವರಿಗೆ ಸರಿಯಾಗಿ ಕಾಣಲೆಂದು ಮೊಬೈಲನ್ನು ಅವರ ಕಡೆ ತಿರುಗಿಸಿ ಹಿಡಿದು, ಬಸ್ಸಿನ ಸದ್ದಿನಲ್ಲೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

“ನಮ್ಮದ್ರಿ.”